ಪೆನ್‌ಡ್ರೈವ್‌ನಲ್ಲಿ ಓಡೋ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಬೂಟ್ ಆಗಲ್ಲ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ರ ತೋಟ. 2016ರಲ್ಲಿ ತಗೊಂಡ 11 ಇಂಚಿನ ಸಣ್ಣ ಲ್ಯಾಪ್‌ಟಾಪ್ ಒಂದಿದೆ, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, ಸೆಲೆರಾನ್ ಅಂತ ಸ್ಟಿಕ್ಕರ್ ಇದೆ. ವಿಂಡೋಸ್ 10 ಅಪ್‌ಡೇಟ್ ಆಗೋಕೇ ಜಾಗ ಸಾಲ್ತಿರ್ಲಿಲ್ಲ, ಈಗ ಅದೂ ನಿಂತೋಯ್ತು ಅಂದ್ರು. ಮಗಳು ಚಿಕ್ಕಮಗಳೂರಲ್ಲಿ ಬಿಸಿಎ ಓದ್ತಿದಾಳೆ, ಅವಳೂ ಅವಳ ಫ್ರೆಂಡೂ ಸೇರಿ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದ್ರು. ಪೆನ್‌ಡ್ರೈವ್ ಹಾಕಿದ್ರೆ ಚೆನ್ನಾಗಿ ಓಡುತ್ತೆ, ವೈಫೈ ಕೂಡ ಸಿಗುತ್ತೆ. ಇನ್‌ಸ್ಟಾಲೂ ಕಂಪ್ಲೀಟ್ ಅಂತ ಬಂತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದ್ರೆ ‘ನೋ ಬೂಟಬಲ್ ಡಿವೈಸ್’ ಅಂತ ನಿಂತ್ಕೊಳುತ್ತೆ. ಮೂರು ಸಲ ಇನ್‌ಸ್ಟಾಲ್ ಮಾಡಿದ್ರು, ಮೂರು ಸಲನೂ ಹಂಗೇ. ಅಂಗಡೀಲಿ ತೋರಿಸಿದ್ರೆ ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು. ತೋಟದ ಲೆಕ್ಕ ಎಲ್ಲ ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಇಟ್ಕೊಂಡಿದೀವಿ. ಇದನ್ನ ಸರಿ ಮಾಡಬಹುದಾ?

ಉತ್ತರ: ಮೇಡಂ, ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಮದರ್‌ಬೋರ್ಡ್ ಹೋಗಿಲ್ಲ. ಹೋಗಿದ್ರೆ ಪೆನ್‌ಡ್ರೈವ್‌ನಲ್ಲೂ ಓಡ್ತಿರ್ಲಿಲ್ಲ. ಪೆನ್‌ಡ್ರೈವ್‌ನಿಂದ ಮಿಂಟ್ ಬಂದು, ಸ್ಕ್ರೀನ್ ಕಂಡು, ವೈಫೈ ಸಿಕ್ಕಿದೆ ಅಂದ್ಮೇಲೆ ಪ್ರೊಸೆಸರ್ರು, ರ‍್ಯಾಮು, ಡಿಸ್ಪ್ಲೇ ಎಲ್ಲ ಸರಿಯಾಗೇ ಇದೆ. ಅನುಮಾನ ಪಡೋದಾದ್ರೆ ಒಳಗಿನ 32 ಜಿಬಿ ಸ್ಟೋರೇಜ್ ಒಂದರ ಮೇಲೆ ಪಡಬಹುದು, ಅದನ್ನೂ ಐದು ನಿಮಿಷದಲ್ಲಿ ನೀವೇ ನೋಡ್ಬಹುದು. ಪೆನ್‌ಡ್ರೈವ್ ಹಾಕಿ ಮಿಂಟ್ ಬಂದ್ಮೇಲೆ ಮೆನುನಲ್ಲಿ ಡಿಸ್ಕ್ಸ್ ಅನ್ನೋ ಪ್ರೋಗ್ರಾಂ ತೆಗೀರಿ, ಎಡಗಡೆ ಪೆನ್‌ಡ್ರೈವ್ ಬಿಟ್ಟು 31 ಜಿಬಿ ಚಿಲ್ಲರೆ ತೋರಿಸೋ ಇನ್ನೊಂದು ಇರುತ್ತೆ, ಅದು ಬಂದಿದೆ ಅಂದ್ರೆ ಸ್ಟೋರೇಜ್ ಉಸಿರಾಡ್ತಿದೆ. ಅದರೊಳಗಿನ ದೊಡ್ಡ ಪಾರ್ಟಿಷನ್ನನ್ನ (ಸ್ಟೋರೇಜನ್ನ ಭಾಗ ಮಾಡಿರ್ತಾರೆ, ಒಂದೊಂದು ಭಾಗಕ್ಕೂ ಪಾರ್ಟಿಷನ್ ಅಂತಾರೆ) ಓಪನ್ ಮಾಡಿ ನೋಡಿದ್ರೆ ಹೋಮ್, ಯುಎಸ್‌ಆರ್, ಬೂಟ್ ಅಂತೆಲ್ಲ ಫೋಲ್ಡರ್ ಕಾಣಿಸಿದ್ರೆ ಮಗಳು ಹಾಕಿದ ಲಿನಕ್ಸ್ ಪೂರ್ತಿ ಅಲ್ಲೇ ಕೂತಿದೆ ಅಂತ ಲೆಕ್ಕ. ಇಷ್ಟು ಕಂಡ್ರೆ ದಯವಿಟ್ಟು ಯಾರ್ಗೂ ಸಾವಿರಾರು ರೂಪಾಯಿ ಕೊಡೋಕೆ ಹೋಗ್ಬೇಡಿ, ಲ್ಯಾಪ್‌ಟಾಪ್ ಹಿಡ್ಕೊಂಡು ಬೇಲೂರು ದಾಟಿ ಹಾಸನಕ್ಕೆ ಬರೋದೂ ಬೇಡ, ಮನೇಲೇ ಆಗೋ ಕೆಲಸ ಇದು.

ಹಂಗಾದ್ರೆ ಯಾಕೆ ಬೂಟ್ ಆಗ್ತಿಲ್ಲ? ಇದನ್ನ ಅರ್ಥ ಮಾಡ್ಕೊಂಡ್ರೆ ಉಳಿದಿದ್ದು ಸಲೀಸು, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಪವರ್ ಬಟನ್ ಒತ್ತಿದ ತಕ್ಷಣ ಓಡೋದು ಲಿನಕ್ಸ್ ಅಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿರೋ ಫರ್ಮ್‌ವೇರ್, ನಾವೆಲ್ಲ ಇನ್ನೂ ಬಯೋಸ್ ಅಂತಾನೇ ಕರೆಯೋದು, ಆದ್ರೆ 2012ರಿಂದ ಈಚೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದ್ರಲ್ಲೂ ಇರೋದು ಯುಇಎಫ್‌ಐ ಅನ್ನೋ ಹೊಸ ಪದ್ಧತಿ. ಇದಕ್ಕೆ ಲಿನಕ್ಸ್ ಅಂದ್ರೆ ಏನು, ವಿಂಡೋಸ್ ಅಂದ್ರೆ ಏನು ಒಂದೂ ಗೊತ್ತಿಲ್ಲ. ಸ್ಟೋರೇಜ್‌ನಲ್ಲಿ ಫ್ಯಾಟ್ ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿರೋ ಒಂದು ಸಣ್ಣ ಪಾರ್ಟಿಷನ್ನನ್ನ ಮಾತ್ರ ಓದೋಕೆ ಬರುತ್ತೆ, ಅದಕ್ಕೆ ಇಎಫ್‌ಐ ಪಾರ್ಟಿಷನ್ ಅಂತಾರೆ, ಅದರೊಳಗೆ ಬೂಟ್ ಫೈಲ್ ಹುಡುಕಿ ಅದನ್ನ ಎಬ್ಬಿಸಿ ಕೈ ತೊಳ್ಕೊಳುತ್ತೆ. ಆ ಫೈಲ್ ಗ್ರಬ್ ಅನ್ನೋ ಬೂಟ್‌ಲೋಡರನ್ನ, ಅಂದ್ರೆ ಲಿನಕ್ಸನ್ನ ಶುರು ಮಾಡೋ ಸಣ್ಣ ಪ್ರೋಗ್ರಾಮನ್ನ ಎಬ್ಬಿಸುತ್ತೆ, ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್‌ನ ಎಬ್ಬಿಸುತ್ತೆ.

ನಮ್ಮ ಮಲೆನಾಡಿನ ಒಂಟಿಮನೆಗಳಿಗೆ ಕಾಗದ ಹೆಂಗೆ ಬರ್ತಿತ್ತು ನೆನಪು ಮಾಡ್ಕೊಳ್ಳಿ. ಮನೆ ಗೊತ್ತಿರೋ ಪೋಸ್ಟ್‌ಮ್ಯಾನ್ ಆದ್ರೆ ತೋಟದೊಳಗೆ ನಡ್ಕೊಂಡು ಬಂದು ಕೊಡ್ತಿದ್ರು, ಹೊಸಬ್ರಾದ್ರೆ ಅಥವಾ ಮಳೆ ಜೋರಿದ್ರೆ ರಸ್ತೆ ಪಕ್ಕದ ಅಂಗಡೀಲಿ ಕೊಟ್ಟು ಹೋಗ್ತಿದ್ರು, ನಾವು ಹಾಲು ಹಾಕೋಕೆ ಹೋದಾಗ ತಗೊಂಡು ಬರೋದು. ಫರ್ಮ್‌ವೇರ್ ಹಂಗೇ. ಮಿಂಟ್ ತನ್ನ ಬೂಟ್ ಫೈಲನ್ನ ಇಎಫ್‌ಐ ಪಾರ್ಟಿಷನ್ ಒಳಗೆ ಉಬುಂಟು ಅನ್ನೋ ಫೋಲ್ಡರ್‌ನಲ್ಲಿ ಇಡುತ್ತೆ (ಮಿಂಟ್ ಉಬುಂಟು ಮೇಲೆ ಕಟ್ಟಿರೋದ್ರಿಂದ ಆ ಹೆಸರು, ಗಾಬರಿ ಬೇಡ), ಅದು ತೋಟದೊಳಗಿನ ಒಂಟಿಮನೆ. ಆ ಮನೆ ದಾರಿಯನ್ನ ಫರ್ಮ್‌ವೇರಿನ ಮೆಮೊರೀಲಿ ಬರೆಸುತ್ತೆ, ಅದು ಪೋಸ್ಟ್‌ಮ್ಯಾನ್‌ನ ಪುಸ್ತಕ. ಕಡಿಮೆ ಬೆಲೆಯ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಸ್ತಕ ಸರಿ ಇರಲ್ಲ, ಬರೆದಿದ್ದು ನಿಲ್ಲಲ್ಲ, ಇಲ್ಲಾ ವಿಂಡೋಸ್ ಹೆಸರಿದ್ರೆ ಮಾತ್ರ ಓದುತ್ತೆ. ಆಗ ಉಳಿಯೋದು ರಸ್ತೆ ಪಕ್ಕದ ಅಂಗಡಿ, ಅಂದ್ರೆ ಇಎಫ್‌ಐ ಫೋಲ್ಡರ್ ಒಳಗೆ ಬೂಟ್ ಅನ್ನೋ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಅನ್ನೋ ಫೈಲ್. ಯಾವ ವಿಳಾಸನೂ ಗೊತ್ತಿಲ್ದಿದ್ರೆ ಫರ್ಮ್‌ವೇರ್ ಕೊನೇಗೆ ಹುಡುಕೋದು ಇದನ್ನ. ನಿಮ್ಮ ಪೆನ್‌ಡ್ರೈವ್ ಬೂಟ್ ಆಗ್ತಿರೋದೂ ಬಹುಶಃ ಇದೇ ದಾರೀಲಿ. ಹಂಗಾಗಿ ಮೂರು ಸಲ ಅಲ್ಲ, ಮೂವತ್ತು ಸಲ ಇನ್‌ಸ್ಟಾಲ್ ಮಾಡಿದ್ರೂ ಪ್ರಯೋಜನ ಇಲ್ಲ, ಮನೆ ಪ್ರತಿ ಸಲ ಚೆನ್ನಾಗೇ ಕಟ್ಟಿದಾರೆ, ದಾರಿ ಮಾತ್ರ ಯಾರೂ ತೋರಿಸಿಲ್ಲ.

ಇದು ಒಂದು ಕಾರಣ. ಇನ್ನೊಂದು ಕಾರಣ ಇದೆ, ನನ್ನ ಅನುಭವದಲ್ಲಿ ಅದೇ ಹೆಚ್ಚು, ಅದನ್ನ ಮೊದಲು ನೋಡಿ. ಪೆನ್‌ಡ್ರೈವ್ ಎರಡು ರೀತೀಲಿ ಬೂಟ್ ಆಗ್ಬಹುದು, ಹೊಸ ಯುಇಎಫ್‌ಐ ರೀತೀಲಿ, ಇಲ್ಲಾ ಹಳೇ ಬಯೋಸ್ ರೀತೀಲಿ, ಇದಕ್ಕೆ ಸೆಟ್ಟಿಂಗ್‌ನಲ್ಲಿ ಲೆಗಸಿ ಅಂತ ಬರೆದಿರುತ್ತೆ. ಇನ್‌ಸ್ಟಾಲರ್ ತಾನು ಯಾವ ರೀತೀಲಿ ಬಂತೋ ಲ್ಯಾಪ್‌ಟಾಪ್‌ಗೂ ಅದೇ ರೀತಿ ಬೂಟ್ ವ್ಯವಸ್ಥೆ ಮಾಡುತ್ತೆ, ನಿಮ್ಮನ್ನ ಕೇಳಲ್ಲ. ಮಗಳ ಪೆನ್‌ಡ್ರೈವ್ ಲೆಗಸಿ ದಾರೀಲಿ ಬಂದಿದ್ರೆ ಗ್ರಬ್ ಲೆಗಸಿ ಜಾಗದಲ್ಲಿ ಕೂರುತ್ತೆ, ಆಮೇಲೆ ಲ್ಯಾಪ್‌ಟಾಪ್ ಯುಇಎಫ್‌ಐ ದಾರೀಲಿ ಹುಡುಕುತ್ತೆ, ಇಬ್ಬರೂ ಒಬ್ಬರಿಗೊಬ್ಬರು ಸಿಗಲ್ಲ. ನಾನೂ ಇದನ್ನ ತಿಳಿಯದೆ ಒಂದು ರಾತ್ರಿ ಪೂರ್ತಿ ಒಂದೇ ಲ್ಯಾಪ್‌ಟಾಪ್‌ಗೆ ಆರು ಸಲ ಇನ್‌ಸ್ಟಾಲ್ ಮಾಡಿದೀನಿ, ಬೆಳಗಿನ ಜಾವ ಬೂಟ್ ಮೆನುನಲ್ಲಿ ಒಂದೇ ಪೆನ್‌ಡ್ರೈವ್ ಹೆಸರು ಎರಡು ಸಲ ಇರೋದು ಕಣ್ಣಿಗೆ ಬಿತ್ತು, ಒಂದರ ಹಿಂದೆ ಯುಇಎಫ್‌ಐ ಅಂತ ಇದೆ, ಇನ್ನೊಂದಕ್ಕೆ ಇಲ್ಲ. ಅವತ್ತಿಂದ ಯಾರೇ ಬೂಟ್ ಆಗ್ತಿಲ್ಲ ಅಂದ್ರೂ ನಾನು ಕೇಳೋ ಮೊದಲನೇ ಪ್ರಶ್ನೆ ಇದೇ.

ಯಾವ ರೀತೀಲಿ ಬಂದಿದೆ ಅಂತ ನೋಡೋದು ಸುಲಭ, ಕಮಾಂಡ್ ಕೂಡ ಬೇಡ. ಪೆನ್‌ಡ್ರೈವ್‌ನಿಂದ ಮಿಂಟ್ ಬಂದ್ಮೇಲೆ ಫೈಲ್ ಮ್ಯಾನೇಜರ್ ತೆಗೆದು ಎಡಗಡೆ ಫೈಲ್ ಸಿಸ್ಟಮ್ ಒತ್ತಿ, ಅದರಲ್ಲಿ ಸಿಸ್ ಅನ್ನೋ ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅನ್ನೋ ಫೋಲ್ಡರ್ ಇದ್ಯಾ ನೋಡಿ. ಇದ್ರೆ ಯುಇಎಫ್‌ಐ. ಇಲ್ಲ ಅಂದ್ರೆ ಲೆಗಸಿ, ನಿಮ್ಮ ತೊಂದರೆಗೆ ಕಾರಣ ಅಲ್ಲೇ ಸಿಕ್ತು. ಇದ್ರೆ ಇನ್ನೊಂದು ಕೆಲಸ ಮಾಡಿ, ಅದೇ ಇಎಫ್‌ಐ ಫೋಲ್ಡರ್‌ನಲ್ಲಿ ಪ್ಲಾಟ್‌ಫಾರ್ಮ್ ಸೈಜ್ ಅಂತ ಕೊನೆಯಾಗೋ ಒಂದು ಸಣ್ಣ ಫೈಲ್ ಇರುತ್ತೆ, ಓಪನ್ ಮಾಡಿದ್ರೆ 64 ಇಲ್ಲಾ 32 ಅಂತ ಒಂದೇ ಸಂಖ್ಯೆ, ಅದನ್ನ ಬರೆದಿಟ್ಕೊಳ್ಳಿ, 32 ಬಂದ್ರೆ ಏನು ಅಂತ ಮುಂದೆ ಹೇಳ್ತೀನಿ.

ಲೆಗಸಿ ಅಂತ ಗೊತ್ತಾದ್ರೆ ಹೀಗೆ ಮಾಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತಾ ಇರಿ. ಯಾವ ಕಂಪನಿ ಅಂತ ನೀವು ಬರೆದಿಲ್ಲ, ಎಚ್‌ಪಿ ಆದ್ರೆ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಲೆನೊವೊ, ಡೆಲ್ ಆದ್ರೆ ಎಫ್12, ಏಸಸ್ ಆದ್ರೆ ಎಸ್ಕೇಪ್, ಏಸರ್ ಆದ್ರೂ ಎಫ್12 ಆದ್ರೆ ಅದಕ್ಕೆ ಮೊದಲು ಎಫ್2 ಒತ್ತಿ ಬಯೋಸ್ ಒಳಗೆ ಹೋಗಿ ಎಫ್12 ಬೂಟ್ ಮೆನು ಅನ್ನೋದನ್ನ ಎನೇಬಲ್ ಮಾಡ್ಬೇಕು. ಕೆಲವು ಲೆನೊವೊಗಳಲ್ಲಿ ಪಕ್ಕದಲ್ಲಿ ಸಣ್ಣ ತೂತು ಇರುತ್ತೆ, ಪಿನ್ ಹಾಕಿ ಒತ್ತಿದ್ರೆ ಬರೋ ಲಿಸ್ಟ್‌ನಲ್ಲಿ ಬೂಟ್ ಮೆನುನೂ ಇರುತ್ತೆ. ಲಿಸ್ಟ್‌ನಲ್ಲಿ ಯುಇಎಫ್‌ಐ ಅಂತ ಹಿಂದೆ ಸೇರಿರೋ ಪೆನ್‌ಡ್ರೈವನ್ನೇ ಆರಿಸಿ. ಆ ಹೆಸರೇ ಇಲ್ಲ ಅಂದ್ರೆ ಪೆನ್‌ಡ್ರೈವ್ ಮಾಡ್ವಾಗ್ಲೇ ತಪ್ಪಿದೆ, ರೂಫಸ್‌ನಲ್ಲಿ (ವಿಂಡೋಸ್‌ನಲ್ಲಿ ಬೂಟ್ ಪೆನ್‌ಡ್ರೈವ್ ಮಾಡೋ ಪ್ರೋಗ್ರಾಂ) ಮಾಡಿದ್ರೆ ಪಾರ್ಟಿಷನ್ ಸ್ಕೀಮ್ ಅನ್ನೋ ಕಡೆ ಜಿಪಿಟಿ ಇಟ್ಟು ಮತ್ತೆ ಮಾಡೋಕೆ ಮಗಳಿಗೆ ಹೇಳಿ. ಲೆಕ್ಕ ಎಲ್ಲ ಕಾಪಿ ಇಟ್ಕೊಂಡಿದೀರಲ್ಲ, ತುಂಬ ಒಳ್ಳೇದು ಮಾಡಿದ್ರಿ, ಹಂಗಾಗಿ ಈ ಸಂದರ್ಭದಲ್ಲಿ ಮಾತ್ರ ನಾಲ್ಕನೇ ಸಲ ಇನ್‌ಸ್ಟಾಲ್ ಮಾಡಿ ಅಂತೀನಿ, ಇದು ಬೇರೆ ದಾರೀಲಿ ಮಾಡ್ತಿರೋ ಇನ್‌ಸ್ಟಾಲ್. ಮಧ್ಯೆ ಎಲ್ಲಾದ್ರೂ ‘ಫೋರ್ಸ್ ಯುಇಎಫ್‌ಐ ಇನ್‌ಸ್ಟಾಲೇಶನ್’ ಅಂತ ಹೆದರಿಸೋ ಹಂಗೆ ಕೇಳಿದ್ರೆ ಯುಇಎಫ್‌ಐನಲ್ಲೇ ಮುಂದುವರಿ ಅನ್ನೋದನ್ನ ಒತ್ತಿ, ಹಿಂದೆ ಹೋಗ್ಬೇಡಿ.

ಇನ್‌ಸ್ಟಾಲ್ ಮಾಡ್ವಾಗ ಇನ್ನೊಂದು ಕಡೆ ಗಮನ ಬೇಕು. ಇಂಥ ಲ್ಯಾಪ್‌ಟಾಪ್‌ನಲ್ಲಿ ಇರೋದು ಹಾರ್ಡ್‌ಡಿಸ್ಕ್ ಅಲ್ಲ, ಎಸ್‌ಎಸ್‌ಡಿನೂ ಅಲ್ಲ, ಇಎಂಎಂಸಿ, ಮೊಬೈಲ್ ಫೋನಲ್ಲಿ ಇರ್ತಿತ್ತಲ್ಲ ಅದೇ ಜಾತಿ, ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಲಿನಕ್ಸ್ ಇದನ್ನ ಎಂಎಂಸಿಬಿಎಲ್‌ಕೆ0 ಅಂತ ಕರೆಯುತ್ತೆ. ಬೇರೆ ಎಲ್ಲ ಕಡೆ ಎಸ್‌ಡಿಎ ಅಂದ್ರೆ ಒಳಗಿನ ಡಿಸ್ಕ್ ಅಂತ ಹೇಳಿಕೊಟ್ಟಿರ್ತಾರೆ, ನಿಮ್ಮದರಲ್ಲಿ ಎಸ್‌ಡಿಎ ಅಂದ್ರೆ ಪೆನ್‌ಡ್ರೈವ್! ಪಾರ್ಟಿಷನ್ ನಾವೇ ಮಾಡ್ತೀವಿ ಅಂತ ಆರಿಸ್ಕೊಂಡ್ರೆ ಕೆಳಗೆ ಬೂಟ್‌ಲೋಡರ್ ಎಲ್ಲಿ ಹಾಕ್ಲಿ ಅಂತ ಒಂದು ಸಾಲು ಇರುತ್ತೆ, ಅಲ್ಲಿ ಎಸ್‌ಡಿಎ ಇದ್ರೆ ಬೂಟ್‌ಲೋಡರ್ ಪೆನ್‌ಡ್ರೈವ್‌ಗೇ ಹೋಗಿ ಕೂರಬಹುದು, ಪೆನ್‌ಡ್ರೈವ್ ತೆಗೆದ್ರೆ ಬೂಟ್ ಇಲ್ಲ. ನಿಮ್ಮ ಲಕ್ಷಣಕ್ಕೂ ಇದು ಹೊಂದುತ್ತೆ, ಅದಕ್ಕೇ ಮಗಳನ್ನ ಒಂದು ಮಾತು ಕೇಳಿ, ಇರೇಸ್ ಡಿಸ್ಕ್ ಅಂತ ಸುಮ್ಮನೆ ಕೊಟ್ಲಾ, ಇಲ್ಲಾ ಸಮ್‌ಥಿಂಗ್ ಎಲ್ಸ್ ಅಂತ ಹೋಗಿ ಕೈಯಲ್ಲಿ ಪಾರ್ಟಿಷನ್ ಮಾಡಿದ್ಲಾ ಅಂತ. 32 ಜಿಬಿಗೆ ಕೈಯಲ್ಲಿ ಪಾರ್ಟಿಷನ್ ಮಾಡೋ ಅಗತ್ಯನೇ ಇಲ್ಲ, ಇರೇಸ್ ಡಿಸ್ಕ್ ಸಾಕು, ಆದ್ರೆ ಅದು ತೋರಿಸೋ ಡಿಸ್ಕ್ ಎಂಎಂಸಿ ಅಂತ ಶುರುವಾಗೋದಾ ಅಂತ ಓದಿ ಆಮೇಲೆ ಮುಂದೆ ಹೋಗಿ.

ಈಗ ಇಎಫ್‌ಐ ಫೋಲ್ಡರ್ ಇತ್ತು, ಯುಇಎಫ್‌ಐನಲ್ಲೇ ಇನ್‌ಸ್ಟಾಲ್ ಆಗಿದೆ, ಆದ್ರೂ ಬೂಟ್ ಇಲ್ಲ ಅಂತಿಟ್ಕೊಳ್ಳಿ. ಆಗ ಅಂಗಡಿ ಕಡೆ ನೋಡಬೇಕು. ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ, ಡಿಸ್ಕ್ಸ್‌ನಲ್ಲಿ ಆ 31 ಜಿಬಿ ಒಳಗೆ ಮೊದಲಿಗೆ ಒಂದು ಸಣ್ಣ ಫ್ಯಾಟ್ ಪಾರ್ಟಿಷನ್ ಇರ್ಬೇಕು, ಇಎಫ್‌ಐ ಸಿಸ್ಟಮ್ ಅಂತ ಬರೆದಿರುತ್ತೆ. ಅದರ ಕೆಳಗಿನ ತ್ರಿಕೋನ ಬಟನ್ ಒತ್ತಿ ಮೌಂಟ್ ಮಾಡಿ ಒಳಗೆ ಹೋಗಿ. ಖಾಲಿ ಇದ್ರೆ ಗ್ರಬ್ ಅಲ್ಲಿಗೆ ಬಂದೇ ಇಲ್ಲ. ಇಎಫ್‌ಐ ಅಂತ ಫೋಲ್ಡರ್ ಇದ್ದು ಅದರಲ್ಲಿ ಉಬುಂಟು ಇದೆ, ಬೂಟ್ ಇಲ್ಲ, ಇಲ್ಲಾ ಬೂಟ್ ಒಳಗೆ ಬೂಟ್‌ಎಕ್ಸ್64 ಇಲ್ಲ ಅಂದ್ರೆ ಒಂಟಿಮನೆ ಇದೆ, ಅಂಗಡಿ ಇಲ್ಲ. ಬೂಟ್ ಅನ್ನೋ ಫೋಲ್ಡರ್ ನೀವೇ ಮಾಡಿ, ಉಬುಂಟು ಫೋಲ್ಡರ್‌ನಲ್ಲಿರೋ ಗ್ರಬ್‌ಎಕ್ಸ್64 ಅನ್ನೋ ಫೈಲನ್ನ ಅಲ್ಲಿಗೆ ಕಾಪಿ ಮಾಡಿ ಹೆಸರನ್ನ ಬೂಟ್‌ಎಕ್ಸ್64 ಅಂತ ಬದಲಾಯಿಸಿ, ಡಾಟ್ ಇಎಫ್‌ಐ ಅನ್ನೋ ಬಾಲ ಹಂಗೇ ಇರ್ಲಿ. ಮೊದಲೇ ಬೂಟ್‌ಎಕ್ಸ್64 ಇದ್ರೆ ಅದು ವಿಂಡೋಸ್ ಬಿಟ್ಟು ಹೋದದ್ದೂ ಇರಬಹುದು, ಅಳಿಸ್ಬೇಡಿ, ಹೆಸರಿನ ಮುಂದೆ ಹಳೇದು ಅಂತ ಸೇರಿಸಿ ಇಟ್ಟು ಆಮೇಲೆ ಹೊಸದನ್ನ ಹಾಕಿ. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ (ನಂಬಿಕಸ್ತ ಸಹಿ ಇರೋ ಬೂಟ್ ಫೈಲನ್ನ ಮಾತ್ರ ಓಡೋಕೆ ಬಿಡೋ ಕಾವಲು) ಡಿಸೇಬಲ್ ಮಾಡಿ, ಈ ರೀತಿ ಕಾಪಿ ಮಾಡಿದ್ದು ಸೆಕ್ಯೂರ್ ಬೂಟ್ ಆನ್ ಇದ್ರೆ ಓಡಲ್ಲ. ರೀಸ್ಟಾರ್ಟ್ ಮಾಡಿ, ಬಹಳಷ್ಟು ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರ್ತವೆ.

ಇದಕ್ಕೂ ಏಳಲಿಲ್ಲ ಅಂದ್ರೆ ಕೆಲವು ಫರ್ಮ್‌ವೇರ್ ವಿಂಡೋಸ್ ಹೆಸರನ್ನ ಬಿಟ್ಟು ಬೇರೇನೂ ನೋಡಲ್ಲ. ಅವಕ್ಕೆ ಇಎಫ್‌ಐ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ಬೂಟ್ ಅಂತ ಫೋಲ್ಡರ್ ಮಾಡಿ ಅದೇ ಗ್ರಬ್ ಫೈಲನ್ನ ಬೂಟ್‌ಎಂಜಿಎಫ್‌ಡಬ್ಲ್ಯೂ ಅನ್ನೋ ಹೆಸರಲ್ಲಿ ಇಡೋದು, ವಿಂಡೋಸ್ ಬೂಟ್ ಫೈಲಿನ ಹೆಸರು ಅದು. ನಿಮ್ಮದರಲ್ಲಿ ವಿಂಡೋಸ್ ಇಲ್ಲವೇ ಇಲ್ಲ, ಹಂಗಾಗಿ ತೊಂದ್ರೆ ಇಲ್ಲ, ಎರಡೂ ಇಟ್ಕೊಂಡಿರೋರು ಇದನ್ನ ಮಾಡೋಕೆ ಹೋಗ್ಬೇಡಿ, ವಿಂಡೋಸ್ ದಾರಿ ಮುಚ್ಚಿಹೋಗುತ್ತೆ.

ಏಸರ್ ಆಗಿದ್ರೆ ಮಾತ್ರ ಬೇರೆ ಕಥೆ, ಅದನ್ನ ಬಿಡಿಸಿ ಹೇಳ್ಬೇಕು ಯಾಕಂದ್ರೆ ಗೊತ್ತಿಲ್ದೋರಿಗೆ ಹೊಳೆಯೋದೇ ಇಲ್ಲ. ಎಫ್2 ಒತ್ತಿ ಒಳಗೆ ಹೋದ್ರೆ ಸೆಕ್ಯುರಿಟಿ ಅನ್ನೋ ಪುಟದಲ್ಲಿ ‘ಯುಇಎಫ್‌ಐ ಫೈಲನ್ನ ನಂಬಿಕಸ್ತ ಅಂತ ಆರಿಸಿ’ ಅನ್ನೋ ಅರ್ಥದ ಸಾಲು ಇರುತ್ತೆ, ಆದ್ರೆ ಮಂಕಾಗಿರುತ್ತೆ, ಒತ್ತೋಕೆ ಬರಲ್ಲ. ಅದೇ ಪುಟದಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟಾಗ ಮಾತ್ರ ಅದು ಜೀವ ಪಡೆಯುತ್ತೆ, ಸೆಕ್ಯೂರ್ ಬೂಟ್ ಆನ್ ಇರಬೇಕು. ಪಾಸ್‌ವರ್ಡ್ ಇಟ್ಟು ಆ ಸಾಲಿಗೆ ಹೋಗಿ ಎಂಟರ್ ಒತ್ತಿದ್ರೆ ಒಳಗಿನ ಸ್ಟೋರೇಜ್, ಇಎಫ್‌ಐ, ಉಬುಂಟು ಅಂತ ಒಂದೊಂದೇ ಮೆಟ್ಟಿಲು ಇಳೀಬಹುದು, ಕೊನೆಗೆ ಶಿಮ್‌ಎಕ್ಸ್64 ಅನ್ನೋ ಫೈಲನ್ನ (ಗ್ರಬ್‌ನ ಎಬ್ಬಿಸೋ, ಸಹಿ ಇರೋ ಬೂಟ್ ಫೈಲ್) ಆರಿಸಿ, ಮಿಂಟ್ ಅಂತ ಏನಾದ್ರೂ ಹೆಸರು ಕೊಡಿ, ಎಫ್10 ಒತ್ತಿ ಸೇವ್ ಮಾಡಿ. ಮತ್ತೆ ಎಫ್2 ಒತ್ತಿ ಬೂಟ್ ಪುಟದಲ್ಲಿ ಆ ಹೆಸರನ್ನ ಎಲ್ಲಕ್ಕಿಂತ ಮೇಲೆ ತನ್ನಿ. ಒಂದೇ ಎಚ್ಚರಿಕೆ, ಆ ಪಾಸ್‌ವರ್ಡ್ ಮರೆತ್ರೆ ನಿಜವಾಗ್ಲೂ ಅಂಗಡಿಗೆ ಹೋಗ್ಬೇಕಾಗುತ್ತೆ, ತೋಟದ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡಿ, ಕೆಲಸ ಮುಗಿದ್ಮೇಲೆ ಬೇಡ ಅನ್ಸಿದ್ರೆ ತೆಗೆದೂ ಬಿಡಬಹುದು.

ಇಷ್ಟೆಲ್ಲ ಫೈಲ್ ಎತ್ತಿ ಇಡೋದು ಬೇಡ ಅನ್ಸಿದ್ರೆ ಮಿಂಟ್ ಪೆನ್‌ಡ್ರೈವ್‌ನಲ್ಲೇ ಮೆನುನಲ್ಲಿ ಅಡ್ಮಿನಿಸ್ಟ್ರೇಷನ್ ಒಳಗೆ ಬೂಟ್ ರಿಪೇರ್ ಅಂತ ಒಂದು ಪ್ರೋಗ್ರಾಂ ಇದೆ. ವೈಫೈ ಕನೆಕ್ಟ್ ಮಾಡ್ಕೊಂಡು ಅದನ್ನ ತೆಗೆದು ಶಿಫಾರಸು ಮಾಡಿದ ರಿಪೇರಿ ಅನ್ನೋ ದೊಡ್ಡ ಬಟನ್ ಒತ್ತಿದ್ರೆ ಗ್ರಬ್ ಅನ್ನ ಮತ್ತೆ ಕೂರಿಸುತ್ತೆ. ಇದನ್ನೂ ಯುಇಎಫ್‌ಐ ದಾರೀಲಿ ಬಂದ ಪೆನ್‌ಡ್ರೈವ್‌ನಿಂದಲೇ ಓಡಿಸ್ಬೇಕು. ನನಗೆ ಮಾತ್ರ ಮೊದಲು ಕಣ್ಣಾರೆ ಆ ಫೋಲ್ಡರ್ ನೋಡೋದೇ ಇಷ್ಟ, ಏನು ಇಲ್ಲ ಅಂತ ಗೊತ್ತಾದ್ರೆ ಏನು ಹಾಕ್ಬೇಕು ಅಂತಾನೂ ಗೊತ್ತಾಗುತ್ತೆ, ಬಟನ್ ಒತ್ತಿ ಸರಿಯಾದ್ರೆ ಸಂತೋಷ, ಆಗ್ಲಿಲ್ಲ ಅಂದ್ರೆ ಮತ್ತೆ ಕತ್ತಲೇಲೇ ಇರ್ತೀವಿ.

ಬೇರೆಯವರೂ ಇದನ್ನ ಓದ್ತಾರೆ, ಅವರ ಸ್ಕ್ರೀನ್‌ನಲ್ಲಿ ಬೇರೆ ಏನೋ ಬರ್ತಿರಬಹುದು, ಅದಕ್ಕೂ ಒಂದೊಂದು ಮಾತು. ಎಲ್ಲಿ ನಿಂತಿದೆ ಅನ್ನೋದೇ ಅರ್ಧ ಉತ್ತರ.

ಗ್ರಬ್ ರೆಸ್ಕ್ಯೂ ಅಂತ ಕಪ್ಪು ಸ್ಕ್ರೀನ್ ಬಂದ್ರೆ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ, ಗ್ರಬ್‌ಗೆ ತನ್ನ ಸಾಮಾನು ಇರೋ ಪಾರ್ಟಿಷನ್ ಸಿಕ್ಕಿಲ್ಲ, ಸಾಮಾನ್ಯವಾಗಿ ಯಾರೋ ಪಾರ್ಟಿಷನ್ ಅಳಿಸಿ ಹಿಂದೆ ಮುಂದೆ ಮಾಡಿರ್ತಾರೆ, ಪೆನ್‌ಡ್ರೈವ್ ಹಾಕಿ ಬೂಟ್ ರಿಪೇರ್ ಓಡಿಸಿದ್ರೆ ಸಾಕು. ಗ್ರಬ್ ಮೆನು ಬಂದು ಆಮೇಲೆ ಸ್ಕ್ರೀನ್ ಕಪ್ಪಾದ್ರೆ ಅದು ಡಿಸ್ಪ್ಲೇ ತೊಂದರೆ ಇರಬಹುದು, ಮೆನುನಲ್ಲಿ ಇ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿರೋ ಕ್ವಯಟ್ ಸ್ಪ್ಲಾಶ್ ಅನ್ನೋ ಎರಡು ಪದ ಅಳಿಸಿ ನೋಮೋಡ್‌ಸೆಟ್ ಅಂತ ಒಂದೇ ಪದವಾಗಿ ಬರೆದು ಎಫ್10 ಒತ್ತಿ. ಬೂಟ್ ಆಗದೇ ಹೋದ್ರೂ ಆ ಎರಡು ಪದ ತೆಗೆದ ಮೇಲೆ ಎಲ್ಲಿ ನಿಂತಿದೆ ಅನ್ನೋ ಸಾಲು ಕಣ್ಣಿಗೆ ಕಾಣುತ್ತೆ, ಅದರ ಫೋಟೋ ಇದ್ರೆ ಯಾರಾದ್ರೂ ಸಹಾಯ ಮಾಡ್ತಾರೆ. ‘ಎಸ್‌ಬಿಎಟಿ’ ಅನ್ನೋ ಪದ ಇರೋ ಎರರ್ ಬಂದ್ರೆ ಅದು ಹಳೇ ಪೆನ್‌ಡ್ರೈವಿನ ತೊಂದರೆ, ಆಗಸ್ಟ್ 2024ರ ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಹಳೇ ಲಿನಕ್ಸ್ ಬೂಟ್ ಫೈಲ್‌ಗಳನ್ನ ಸೆಕ್ಯೂರ್ ಬೂಟ್ ಒಪ್ತಿಲ್ಲ, ಹೊಸ ಐಎಸ್‌ಒ (ಪೆನ್‌ಡ್ರೈವ್‌ಗೆ ಹಾಕೋ ಲಿನಕ್ಸ್ ಫೈಲ್) ಡೌನ್‌ಲೋಡ್ ಮಾಡಿ ಇಲ್ಲಾ ಸೆಕ್ಯೂರ್ ಬೂಟ್ ಆಫ್ ಮಾಡಿ.

ನಮ್ಮ ಕಡೆ ಹೆಚ್ಚು ಕಾಣೋದು ಇನ್ನೊಂದು, ಚೆನ್ನಾಗಿ ಓಡ್ತಿದ್ದಿದ್ದು ಒಂದಿನ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅಂತ ಬರೆದು ನಿಂತ್ಬಿಡೋದು. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿರುತ್ತೆ, ಚಾರ್ಜರ್ ಮೇಲೇ ಓಡಿಸ್ತಿರ್ತೀವಿ, ಜುಲೈ ಮಳೇಲಿ ಕರೆಂಟ್ ಹೋಗಿ ಬಂದು ಮಾಡಿದಾಗ ಬರೀತಿದ್ದ ಫೈಲ್ ಅರ್ಧಕ್ಕೆ ನಿಲ್ಲುತ್ತೆ, ಫೈಲ್ ಸಿಸ್ಟಮ್ ಕೆಡುತ್ತೆ. ಅಲ್ಲಿ ಬರೋ ಕೊನೇ ಸಾಲುಗಳಲ್ಲೇ ಯಾವ ಪಾರ್ಟಿಷನ್ ಚೆಕ್ ಮಾಡ್ಬೇಕು ಅಂತ ಇರುತ್ತೆ, ಇಎಂಎಂಸಿಯಲ್ಲಿ ಸಾಮಾನ್ಯವಾಗಿ ಎಂಎಂಸಿಬಿಎಲ್‌ಕೆ0ಪಿ2. ಎಫ್‌ಎಸ್‌ಸಿಕೆ ಅಂತ ಬರೆದು, ಸ್ಪೇಸ್, ಮೈನಸ್ ವೈ, ಸ್ಪೇಸ್, ಸ್ಲಾಶ್ ಡೆವ್ ಸ್ಲಾಶ್ ಹಾಕಿ ಆ ಹೆಸರು ಬರೆದು ಎಂಟರ್ ಒತ್ತಿದ್ರೆ ತಾನೇ ಸರಿ ಮಾಡ್ಕೊಳುತ್ತೆ, ಮುಗಿದ್ಮೇಲೆ ರೀಬೂಟ್ ಅಂತ ಕೊಡಿ. ಇದಕ್ಕೆ ಇಡೀ ಲಿನಕ್ಸ್ ಅಳಿಸಿ ಮತ್ತೆ ಹಾಕಿ ಮಕ್ಕಳ ಫೋಟೋ ಎಲ್ಲ ಕಳ್ಕೊಂಡೋರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಪದೇ ಪದೇ ಹೀಗಾಗ್ತಿದ್ರೆ, ಕರೆಂಟ್ ಹೋಗದೇ ಇದ್ರೂ ಆಗ್ತಿದ್ರೆ, ಇಎಂಎಂಸಿ ಸವೀತಿದೆ ಅಂತ ಅರ್ಥ, ಅದನ್ನ ಬದಲಾಯಿಸೋದು ಸುಲಭ ಅಲ್ಲ, ಆಗ ಒಳ್ಳೇ ಯುಎಸ್‌ಬಿ ಡ್ರೈವ್ ಮೇಲೆ ಲಿನಕ್ಸ್ ಹಾಕಿ ಅದರಿಂದಲೇ ಓಡಿಸ್ಕೊಬಹುದು. ಮೆಮೊರಿ ಕಾರ್ಡ್ ಹಾಕೋ ಜಾಗದಿಂದ ಎಷ್ಟೋ ಸಣ್ಣ ಲ್ಯಾಪ್‌ಟಾಪ್‌ಗಳು ಬೂಟ್ ಆಗಲ್ಲ, ಅದಕ್ಕೆ ದುಡ್ಡು ಹಾಕೋ ಮುಂಚೆ ಬೂಟ್ ಮೆನುನಲ್ಲಿ ಕಾರ್ಡ್ ಕಾಣುತ್ತಾ ನೋಡ್ಕೊಳ್ಳಿ.

ಮಳೆ ಅಂದ್ರೆ ನೆನಪಾಯ್ತು. ಆಲೂರು ಕಡೆಯ ಒಬ್ಬರು ಮೇಷ್ಟ್ರು ಪ್ರತಿ ವರ್ಷ ಮಳೆಗಾಲ ಮುಗಿದ್ಮೇಲೆ ಇದೇ ತೊಂದರೆ ಹೇಳ್ಕೊಂಡು ಬರ್ತಿದ್ರು, ನಾನು ಸರಿ ಮಾಡಿ ಕೊಡ್ತಿದ್ದೆ, ಮತ್ತೆ ಮುಂದಿನ ವರ್ಷ ಬರ್ತಿದ್ರು. ಒಂದ್ಸಲ ತಾರೀಖು ನೋಡಿದ್ರೆ 2015 ತೋರಿಸ್ತಿದೆ. ಮೂರು ನಾಲ್ಕು ತಿಂಗಳು ಮುಟ್ಟದೆ ಬೀರುನಲ್ಲಿ ಇಟ್ಟಿದ್ರಿಂದ ಬ್ಯಾಟರಿ ಪೂರ್ತಿ ಇಳಿದು ಬಯೋಸ್ ಸೆಟ್ಟಿಂಗ್ ಎಲ್ಲ ಫ್ಯಾಕ್ಟರಿ ಸ್ಥಿತಿಗೆ ಹೋಗ್ತಿತ್ತು, ಸೆಕ್ಯೂರ್ ಬೂಟ್ ಮತ್ತೆ ಆನ್ ಆಗ್ತಿತ್ತು, ನಾನು ಕಾಪಿ ಮಾಡಿಟ್ಟ ಫೈಲನ್ನ ಅದು ಒಪ್ತಿರ್ಲಿಲ್ಲ. ಅವತ್ತು ಬೋರ್ಡ್ ಮೇಲಿನ ನಾಣ್ಯದಂಥ ಸಣ್ಣ ಬ್ಯಾಟರಿ ಬದಲಾಯಿಸಿ ಕೊಟ್ಟೆ, ಆಮೇಲೆ ಬರ್ಲಿಲ್ಲ. ಎಲ್ಲ ಸಣ್ಣ ಲ್ಯಾಪ್‌ಟಾಪ್‌ನಲ್ಲೂ ಈ ಬ್ಯಾಟರಿ ಬೇರೆಯಾಗಿ ಇರಲ್ಲ, ಇಲ್ದಿದ್ರೆ ತಿಂಗಳಿಗೆ ಒಂದ್ಸಲ ಚಾರ್ಜ್ ಮಾಡಿ ಇಡಿ ಅಷ್ಟೇ. ನೀವೂ ಆನ್ ಮಾಡಿದಾಗ ತಾರೀಖು ಸರಿ ಇದ್ಯಾ ಒಂದ್ಸಲ ನೋಡಿ.

ಆಗ್ಲೇ ಹೇಳಿದ್ನಲ್ಲ, 32 ಅಂತ ಬಂದ್ರೆ. 2014-15ರಲ್ಲಿ ಬಂದ ಇಂಟೆಲ್ ಆಟಂ ಝಡ್3735ಎಫ್ ಪ್ರೊಸೆಸರ್ ಇರೋ ಸಣ್ಣ ಲ್ಯಾಪ್‌ಟಾಪ್, ಕೀಬೋರ್ಡ್ ಕಳಚೋ ಟ್ಯಾಬ್ಲೆಟ್‌ಗಳಲ್ಲಿ ಒಂದು ವಿಚಿತ್ರ ಇದೆ, ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ 32 ಬಿಟ್. ಮನೆ ದೊಡ್ಡದು, ಬಾಗಿಲು ಕಿರಿದು. ಅದಕ್ಕೆ ಬೂಟ್‌ಎಕ್ಸ್64 ಅಲ್ಲ, ಬೂಟ್‌ಐಎ32 ಅನ್ನೋ ಫೈಲ್ ಬೇಕು, ಅದಿಲ್ದಿರೋ ಪೆನ್‌ಡ್ರೈವ್ ಹಾಕಿದ್ರೆ ಬೂಟ್ ಮೆನುನಲ್ಲಿ ಹೆಸರೇ ಬರಲ್ಲ, ಬಂದ್ರೂ ಓಡಲ್ಲ. ಲಿನಕ್ಸ್ ಕರ್ನಲ್ ಇಂಥದ್ದರ ಮೇಲೆ ಓಡೋದನ್ನ 2014ರಲ್ಲಿ 3.15ರಿಂದಲೇ ಕಲಿತಿದೆ, ಮಿಂಟ್ ಥರದ್ದೇ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ರ ಮಾಮೂಲಿ 64 ಬಿಟ್ ಇನ್‌ಸ್ಟಾಲರ್‌ನಲ್ಲಿ ಆ ಫೈಲೂ ಇದೆ, ಅಂಥ ಲ್ಯಾಪ್‌ಟಾಪ್ ಇರೋರು ಮಿಂಟ್ ಜೊತೆ ಗುದ್ದಾಡೋ ಬದಲು ಡೆಬಿಯನ್ ಹಾಕಿ. ಬೂಟ್ ಆಗಿ ಹತ್ತು ನಿಮಿಷಕ್ಕೆ ಇದ್ದಕ್ಕಿದ್ದಂಗೆ ಕಲ್ಲಾಗಿ ನಿಂತ್ರೆ ಅದು ಆ ಆಟಂಗಳಿಗೆ ಅಂಟಿದ ಹಳೇ ಕಾಯಿಲೆ, ಗ್ರಬ್‌ನಲ್ಲಿ ಇ ಒತ್ತಿ ಆ ಲಿನಕ್ಸ್ ಸಾಲಿನ ಕೊನೇಗೆ ಇಂಟೆಲ್ ಅಂಡರ್‌ಸ್ಕೋರ್ ಐಡಲ್ ಡಾಟ್ ಮ್ಯಾಕ್ಸ್ ಅಂಡರ್‌ಸ್ಕೋರ್ ಸಿಸ್ಟೇಟ್ ಈಕ್ವಲ್ ಟು 1, ಎಲ್ಲ ಸಣ್ಣಕ್ಷರದಲ್ಲಿ ಸ್ಪೇಸ್ ಇಲ್ದೆ ಬರೆದು ನೋಡಿ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ, ಆದ್ರೆ ನಿಲ್ಲೋದು ತಪ್ಪುತ್ತೆ. ನಿಮ್ಮ ಸೆಲೆರಾನ್ 2016ರದ್ದು, ಮಿಂಟ್ ಪೆನ್‌ಡ್ರೈವೂ ಓಡ್ತಿದೆ, ನಿಮಗೆ 64 ಅಂತಾನೇ ಬರುತ್ತೆ ಅಂತ ನನ್ನ ಅಂದಾಜು.

ಬೂಟ್ ಆದ್ಮೇಲೆ ಎರಡು ವಿಷಯ. 2 ಜಿಬಿ ರ‍್ಯಾಮ್‌ಗೆ ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ಆವೃತ್ತಿಯನ್ನೇ ಹಾಕಿ, ಸಿನಮನ್ ಅನ್ನೋ ಭಾರದ ಆವೃತ್ತಿ ಹಾಕಿದ್ರೆ ಎರಡು ವೆಬ್‌ಸೈಟ್ ತೆಗೆಯೋ ಹೊತ್ತಿಗೆ ಏದುಸಿರು ಬಿಡುತ್ತೆ. ತೋಟದ ಲೆಕ್ಕ ಎಕ್ಸೆಲ್‌ನಲ್ಲಿದ್ರೆ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುತ್ತೆ, ಆದ್ರೆ ಕೂಲಿಯವರ ಹೆಸರೆಲ್ಲ ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ಅಕ್ಷರ ಗೀಚಿದಂಗೆ ಕಾಣುತ್ತೆ, ಫೈಲ್ ಕೆಟ್ಟಿದೆ ಅಂದ್ಕೋಬೇಡಿ, ಅವು ಯೂನಿಕೋಡ್ ಅಲ್ಲ, ಯೂನಿಕೋಡ್‌ಗೆ ಪರಿವರ್ತನೆ ಮಾಡಿದ್ರೆ ಸರಿಯಾಗುತ್ತೆ. ಇನ್ಮೇಲೆ ಟೈಪ್ ಮಾಡೋಕೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ, ಕಗಪ ಅಂತ ಇದೆ, ನುಡಿ ಕೀಲಿಮಣೆ ಅಭ್ಯಾಸ ಇರೋರಿಗೆ ಕೈ ತಡವರಿಸಲ್ಲ.

ಮೊದಲು ಆ ಸಿಸ್ ಫರ್ಮ್‌ವೇರ್ ಒಳಗೆ ಇಎಫ್‌ಐ ಫೋಲ್ಡರ್ ಇದ್ಯಾ ನೋಡಿ, ಆಮೇಲೆ ಇಎಫ್‌ಐ ಪಾರ್ಟಿಷನ್ ಒಳಗೆ ಏನೇನು ಫೋಲ್ಡರ್ ಇದೆ ಅಂತ ಮೊಬೈಲ್‌ನಲ್ಲಿ ಒಂದು ಫೋಟೋ, ಬೂಟ್ ಮೆನುದು ಒಂದು ಫೋಟೋ ತೆಗೆದು ಲ್ಯಾಪ್‌ಟಾಪ್ ಕಂಪನಿ ಹೆಸರಿನ ಜೊತೆ ಕಳಿಸಿ, ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಆ ಎರಡು ಫೋಟೋದಲ್ಲೇ ಹೇಳ್ತೀನಿ. ಅಲ್ಲೀವರೆಗೂ ಮಗಳಿಗೆ ಇನ್‌ಸ್ಟಾಲ್ ಬಟನ್ ಮುಟ್ಬೇಡ ಅಂತ ಹೇಳಿ.